ಗುಜರಿಯಿಂದ ತಂದದ್ದು ಚಿತ್ರವಾಗುವುದು ಯಾವಾಗ?

ತಾಳಗುಪ್ಪ ಪ್ಯಾಸೆಂಜರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ಅಡಿಕೆ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವುದು ಹೊಟ್ಟೆಪಾಡು, ಸಂಜೆಯ ಮೇಲೆ ಚಿತ್ರ. ಬರೀ ಬಣ್ಣದಲ್ಲಿ ಮನಸ್ಸು ನಿಲ್ಲದೆ ಕೆಲವು ವರ್ಷಗಳಿಂದ ಕಾಗದ, ಬಟ್ಟೆ, ತಗಡು, ದಾರ ಎಲ್ಲವನ್ನೂ ಸೇರಿಸಿ ಮಿಶ್ರ ಮಾಧ್ಯಮದಲ್ಲಿ ಮಾಡುತ್ತಿದ್ದೇನೆ. ಪ್ರವಾಸ ಹೋದಲ್ಲಿ ಜೊತೆಯವರೆಲ್ಲ ಸೀರೆ ಅಂಗಡಿಗೆ ನುಗ್ಗಿದರೆ ನಾನು ಗುಜರಿ ಅಂಗಡಿಗೆ ನುಗ್ಗುತ್ತೇನೆ. ಮನೆಯವರಿಗೆ ಇದು ಅಗ್ಗದ ಚಟ ಎಂಬ ಸಮಾಧಾನವಿತ್ತು. ತಮಿಳುನಾಡಿನ ಕಾರೈಕುಡಿಗೆ ಹೋಗಿ ಬಂದ ಮೇಲೆ ಆ ಸಮಾಧಾನವೂ ಉಳಿದಿಲ್ಲ.

ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯನ್ನು ನೋಡಿದವರಿಗೆ ಅರ್ಥವಾಗುತ್ತದೆ. ಚೆಟ್ಟಿಯಾರರು ಬರ್ಮಾ, ಮಲಯಾ, ಸಿಲೋನುಗಳಲ್ಲಿ ಲೇವಾದೇವಿ ನಡೆಸಿ ಕಟ್ಟಿಸಿದ ದೊಡ್ಡ ದೊಡ್ಡ ಮನೆಗಳು ಪಾಲಾಗುವಾಗ ಹೊರಬಿದ್ದ ಸಾಮಾನೆಲ್ಲ ಅಲ್ಲಿನ ಅಂಗಡಿಗಳಲ್ಲಿ ರಾಶಿ ಬಿದ್ದಿದೆ. ಸ್ವೀಡನ್ನಿನ ಎನಾಮೆಲ್ ಡಬ್ಬಿಗಳು, ಜಪಾನಿನ ತಟ್ಟೆಗಳು, ಬೀಗವಿಲ್ಲದ ಬೀಗದ ಕೈಗಳು. ನಾನು ತಂದದ್ದು ಒಂದು ನೀಲಿ ಎನಾಮೆಲ್ ಮುಚ್ಚಳ ಮತ್ತು ಮ್ಯಾಂಚೆಸ್ಟರಿನಿಂದ ಬರುತ್ತಿದ್ದ ಬಟ್ಟೆಯ ತಾನುಗಳ ಮೇಲೆ ಅಂಟಿಸುತ್ತಿದ್ದ ಬಣ್ಣದ ಚೀಟಿಗಳು. ಚೀಟಿಯ ಮೇಲೆ ಲಕ್ಷ್ಮಿ, ಹುಲಿ, ರೈಲು, ರಾಣಿ. ವಿಲಾಯತಿ ಮಿಲ್ಲಿನವನು ನಮ್ಮ ದೇವರ ಚಿತ್ರ ಹಾಕಿ ನಮಗೇ ಬಟ್ಟೆ ಮಾರಿದ್ದಾನೆ!

ಅಲ್ಲೇ ಹತ್ತಿರದ ಆತ್ತಂಗುಡಿಗೂ ಹೋಗಿದ್ದೆವು. ನೆಲಕ್ಕೆ ಹಾಸುವ ಹಂಚನ್ನು ಕೈಯಲ್ಲೇ ಮಾಡುತ್ತಾರೆ. ಗಾಜಿನ ಹಲಗೆಯ ಮೇಲೆ ಲೋಹದ ಅಚ್ಚಿಟ್ಟು, ಅಚ್ಚಿನ ಒಂದೊಂದು ಮನೆಗೂ ಒಂದೊಂದು ಬಣ್ಣದ ಸಿಮೆಂಟನ್ನು ಸೌಟಿನಿಂದ ಹುಯ್ಯುತ್ತಾರೆ. ಅಚ್ಚನ್ನು ಮೆಲ್ಲಗೆ ಎತ್ತಿದರೆ ಬಣ್ಣಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಕಲೆಯುವುದಿಲ್ಲ. ಆಮೇಲೆ ಅದರ ಮೇಲೆ ಮರಳು ಸಿಮೆಂಟು ತುಂಬಿ ಒತ್ತಿ, ನೀರಿನಲ್ಲಿ ನೆನೆಹಾಕುತ್ತಾರೆ. ಗಾಜು ಬಿಟ್ಟಾಗಲೇ ಹಂಚಿನ ಮುಖ ಕಾಣುವುದು. ಆ ಹೊಳಪು ಉಜ್ಜಿ ಬಂದದ್ದಲ್ಲ, ಗಾಜು ಕೊಟ್ಟದ್ದು. ಒಬ್ಬಾಕೆ ಮಾತನಾಡುತ್ತಲೇ ಹುಯ್ಯುತ್ತಿದ್ದರು, ಒಂದು ತೊಟ್ಟೂ ಪಕ್ಕದ ಮನೆಗೆ ದಾಟಲಿಲ್ಲ. ನಾನು ಊಟ ಮರೆತು ಅಲ್ಲೇ ನಿಂತಿದ್ದೆ.

ಇವುಗಳ ಜೊತೆಗೆ ಕೊಚ್ಚಿಯ ಮಟ್ಟಾಂಚೇರಿಯ ಅಂಗಡಿಯಿಂದ ತಂದ ಒಂದು ಹಿಡಿ ಓಲೆಗರಿಗಳಿವೆ (ಹಳೆಯ ಬರವಣಿಗೆಯ ಮೇಲೆ ಯಾರೋ ಹೊಸದಾಗಿ ಆನೆ, ನವಿಲು ಬರೆದಿದ್ದಾರೆ). ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸಿಕ್ಕ ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕವೊಂದಿದೆ. ನಮ್ಮ ಅಟ್ಟದಲ್ಲಿ ತಂತಿಗೆ ಚುಚ್ಚಿಟ್ಟಿದ್ದ ಹಳೆಯ ಪೋಸ್ಟ್ ಕಾರ್ಡುಗಳೂ ಇವೆ, ಅವಕ್ಕೆ ಮಾತ್ರ ದುಡ್ಡು ಕೊಟ್ಟಿಲ್ಲ.

ಈಗ ತೊಂದರೆ ಹೇಳುತ್ತೇನೆ. ಇವನ್ನೆಲ್ಲ ಸೇರಿಸಿ ಒಂದು ದೊಡ್ಡ ಹಲಗೆ ಮಾಡಿದೆ. ಚೀಟಿಗಳು, ಖಾತೆಯ ಹಾಳೆ, ಮುಚ್ಚಳ, ನಡುವೆ ಕಾವಿ ಬಣ್ಣ. ನೋಡಲು ಬಂದ ನಮ್ಮ ನಾದಿನಿ, ‘ಚೆನ್ನಾಗಿದೆ ಅತ್ತಿಗೆ, ಹಳೆಯ ಕಾಲದ ಹಾಗೆ ಅಲಂಕಾರ ಮಾಡಿದ ಹೊಸ ಹೋಟೆಲಿನ ಗೋಡೆ ಇದ್ದ ಹಾಗಿದೆ’ ಎಂದಳು. ಹೊಗಳಿದಳೋ ಬೈದಳೋ ತಿಳಿಯದು, ಆದರೆ ಹೇಳಿದ್ದು ನಿಜ. ಪ್ರತಿಯೊಂದು ತುಣುಕೂ ಚೆಂದ, ಒಟ್ಟಿನಲ್ಲಿ ಏನೂ ಇಲ್ಲ. ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಮೈ ಜುಮ್ಮೆನಿಸಿದ ವಸ್ತು ಮನೆಗೆ ಬಂದು ಹಲಗೆ ಏರಿದ ಕೂಡಲೇ ಸಪ್ಪೆಯಾಗುವುದೇಕೆ? ನೀವೆಲ್ಲ ತಂದದ್ದರಿಂದ ಚಿತ್ರದವರೆಗೆ ಹೇಗೆ ನಡೆಯುತ್ತೀರಿ? ಮೂಲವನ್ನೇ ಕತ್ತರಿಸುತ್ತೀರಾ? ಅದಕ್ಕೂ ಕೈ ನಡುಗುತ್ತದೆ.


ಹಂಚಿನ ಮಾಡು ಬರೆದದ್ದು:

ನಾನು ಕಾರ್ಕಳದ ಕಡೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಬುದ್ಧಿ ಹೇಳುವ ಅಭ್ಯಾಸ ಪಿಂಚಣಿ ಬಂದ ಮೇಲೂ ಹೋಗಿಲ್ಲ, ಸಹಿಸಿಕೊಳ್ಳಿ.

ನಿಮ್ಮ ಪ್ರಶ್ನೆಯ ಉತ್ತರ ನಿಮ್ಮ ಬರಹದಲ್ಲೇ ಇದೆ. ಕೊಂಡ ಸಾಮಾನಿನ ಬಗ್ಗೆ ಬರೆದಲ್ಲೆಲ್ಲ ಪಟ್ಟಿ ಕೊಟ್ಟಿದ್ದೀರಿ. ಆತ್ತಂಗುಡಿಯ ಬಗ್ಗೆ ಬರೆದಲ್ಲಿ ಮಾತ್ರ ನಿಂತು ನೋಡಿದ್ದೀರಿ. ಅಲ್ಲಿಂದ ನೀವು ಒಂದು ಹಂಚನ್ನೂ ತರಲಿಲ್ಲ ಎಂದು ಕಾಣುತ್ತದೆ, ಆದರೂ ತಂದದ್ದರಲ್ಲಿ ಹೆಚ್ಚಿನದು ಅದೇ. ಮುಖ ಮೊದಲು, ಬೆನ್ನು ಆಮೇಲೆ ಎಂಬ ಆ ಕ್ರಮವನ್ನು ಯಾಕೆ ಹಲಗೆಗೆ ತರಬಾರದು? ಗಾಜಿನ ಮೇಲೆ ತುಣುಕುಗಳನ್ನು ಬೋರಲು ಜೋಡಿಸಿ, ಹಿಂದಿನಿಂದ ಕಾಗದದ ಪದರ ಅಂಟಿಸುತ್ತಾ ಹೋಗಿ, ಕೊನೆಗೆ ಎಬ್ಬಿಸಿ ನೋಡಿ. ಗಾಜಿಗೆ ಮೊದಲೇ ತೆಳುವಾಗಿ ಮೇಣ ಸವರಿರಬೇಕು, ಇಲ್ಲದಿದ್ದರೆ ಬಿಡುವುದಿಲ್ಲ. ಏನು ಬರುತ್ತದೆ ಎಂದು ನಿಮಗೇ ಗೊತ್ತಿರುವುದಿಲ್ಲವಾದ್ದರಿಂದ ಅಲಂಕಾರ ಮಾಡುವ ಆಸೆ ತಾನಾಗಿ ಅಡಗುತ್ತದೆ.

ಹಳೆಯದು ಎಂಬುದು ವಿಷಯವಲ್ಲ. ಇಲ್ಲಿ ಬಹಳ ಮಂದಿ ಮುಗ್ಗರಿಸುತ್ತಾರೆ. ನೂರು ವರ್ಷ ಹಳೆಯ ಚೀಟಿಗೂ ನಿನ್ನೆಯ ಚೀಟಿಗೂ ಚಿತ್ರದ ಮಟ್ಟಿಗೆ ಒಂದೇ ವ್ಯತ್ಯಾಸ: ಅದನ್ನು ಬಳಸಿದ ಗುರುತು. ನಾನು ವಸ್ತುವನ್ನು ಕೈಗೆತ್ತಿಕೊಂಡರೆ ಮೊದಲು ತಿರುಗಿಸಿ ಹಿಂಬದಿ ನೋಡುತ್ತೇನೆ. ನಿಮ್ಮ ತಾನಿನ ಚೀಟಿಯ ಹಿಂದೆ ಹಳೆಯ ಅಂಟು ಹಳದಿಗಟ್ಟಿರಬೇಕು, ಅದರಲ್ಲಿ ಬಟ್ಟೆಯ ನೇಯ್ಗೆಯ ಅಚ್ಚು ಮೂಡಿದ್ದರೂ ಇರಬಹುದು. ಲಕ್ಷ್ಮಿಯನ್ನು ಮುದ್ರಣಾಲಯದವನು ಬರೆದ. ಆ ಅಚ್ಚನ್ನು ಯಾರೂ ಬರೆಯಲಿಲ್ಲ. ಮೊದಲನೆಯದು ಎಲ್ಲರಿಗೂ ಸಿಕ್ಕುತ್ತದೆ, ಎರಡನೆಯದು ನಿಮಗೆ ಮಾತ್ರ.

ತಂತಿಗೆ ಚುಚ್ಚಿದ ಕಾರ್ಡುಗಳನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಲ್ಲ, ನನಗೆ ಹೊಟ್ಟೆ ಉರಿಯಿತು. ನನ್ನ ಬಳಿಯೂ ಅಂಥದೊಂದು ಗೊಂಚಲಿದೆ. ಕೆಳಗೆ ದುಂಡನೆಯ ಮರದ ಬಿಲ್ಲೆ, ಮೇಲೆ ಕೊಕ್ಕೆ. ಕಾರ್ಡು ಬಂದ ಹಾಗೆ ಓದಿ ಚುಚ್ಚುವುದು. ತೂತು ನಡುವೆ ಬಿದ್ದಿರುತ್ತದೆ, ಅಲ್ಲಿ ಯಾವ ಅಕ್ಷರವಿತ್ತೋ ಅದು ಹೋಯಿತು. ಒಂದರಲ್ಲಿ ರೂಪಾಯಿಯ ಅಂಕಿ ಹೋಗಿದೆ, ಇನ್ನೊಂದರಲ್ಲಿ ಮಗುವಿನ ಹೆಸರೇ ಹೋಗಿದೆ. ತೂತಿನ ಸುತ್ತ ತಂತಿಯ ತುಕ್ಕು ಕಂದು ಬಳೆ ಬಿಟ್ಟಿದೆ. ಕೆಳಗಿನ ಕಾರ್ಡುಗಳಲ್ಲಿ ಬಳೆ ದಪ್ಪ, ಮೇಲಕ್ಕೆ ಬಂದ ಹಾಗೆ ತೆಳು, ತುದಿಯಲ್ಲಿರುವುದಕ್ಕೆ ಬರೀ ಚುಕ್ಕೆ. ಕೆಲವು ಕಾರ್ಡಿನ ನಾಲ್ಕು ಮೂಲೆಗಳಲ್ಲಿ ಅರಿಸಿನ, ಮದುವೆಯ ಸುದ್ದಿ. ನಾನು ಮಾಡಿದ್ದು ಇಷ್ಟೇ: ಕಾರ್ಡುಗಳ ನಕಲನ್ನು ತೆಳು ಕಾಗದದ ಮೇಲೆ ತೆಗೆದು, ಬರಹವನ್ನೆಲ್ಲ ಬಿಳಿಯಲ್ಲಿ ಮುಚ್ಚಿ, ತುಕ್ಕಿನ ಬಳೆ ಮತ್ತು ಅರಿಸಿನ ಎರಡನ್ನೇ ಉಳಿಸಿದೆ. ನೋಡಿದವರು ಚುಕ್ಕೆಗಳ ರಂಗೋಲಿ ಎಂದರು. ಇರಲಿ, ಹೋಟೆಲಿನ ಗೋಡೆ ಎನ್ನಲಿಲ್ಲ.

ಪ್ರವಾಸದಿಂದ ಸಾಮಾನನ್ನೇ ತರಬೇಕೆಂದೇನೂ ಇಲ್ಲ. ನನ್ನ ಚೀಲದಲ್ಲಿ ಇರುವುದು ತೆಳು ಕಾಗದದ ಸುರುಳಿ, ಕಪ್ಪು ಮೇಣದ ಬಳಪ, ಅಂಟುಪಟ್ಟಿ. ನಮ್ಮೂರ ಸುತ್ತ ಹಳೆಯ ಮನೆಗಳ ಮಾಡು ಇಳಿಸಿ ಹಂಚನ್ನು ಗೋಡೆಗೆ ಒರಗಿಸಿಟ್ಟಿರುತ್ತಾರೆ. ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಉಬ್ಬಿಕೊಂಡಿರುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮೂರೇ ವರ್ಷದಲ್ಲಿ, 1868ರಲ್ಲಿ, ಆಲ್ಬುಕರ್ಕ್ ಮನೆತನದವರದೂ ಶುರುವಾಯಿತು. ಆಮೇಲೆ ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಯಿಂದ ಎಷ್ಟು ಕಾರ್ಖಾನೆಗಳು ಬದುಕಿದವೋ! ಒಬ್ಬೊಬ್ಬರದು ಒಂದೊಂದು ಗುರುತು: ನಕ್ಷತ್ರ, ಆನೆ, ಕಿರೀಟ. ಕಾಗದವಿಟ್ಟು ಬಳಪ ಉಜ್ಜಿದರೆ ಹೆಸರೂ ಬರುತ್ತದೆ, ಜೊತೆಗೆ ಪಾಚಿ ಹಿಡಿದು ಸವೆದ ಮೂಲೆಯೂ ಬರುತ್ತದೆ. ಗಾಳಿಪಟದ ಕಾಗದ ಉಜ್ಜಲು ಒಳ್ಳೆಯದು, ಆದರೆ ಬಣ್ಣದ್ದು ಬೇಡ. ಅಂಟು ತಾಗಿದರೆ ಬಣ್ಣ ಬಿಟ್ಟು ಇಡೀ ಹಲಗೆ ಹಾಳು. ಒಂದು ಮನೆಯ ಮಾಡಿನಲ್ಲಿ ಬೇರೆ ಬೇರೆ ಕಾರ್ಖಾನೆಯ ಹಂಚುಗಳು ಸಿಕ್ಕಿದರೆ ಅದೇ ಒಂದು ಕಥೆ, ಮನೆಯವರು ಯಾವ ಮಳೆಗಾಲದ ನಂತರ ಎಷ್ಟು ಹಂಚು ಬದಲಾಯಿಸಿದರು ಎಂಬುದೆಲ್ಲ ಅಲ್ಲಿದೆ.

ಇನ್ನೊಂದು ವಿಷಯ. ಮಿಶ್ರ ಮಾಧ್ಯಮವನ್ನು ಪಿಕಾಸೊ 1912ರಲ್ಲಿ ಕ್ಯಾನ್ವಾಸಿಗೆ ಮೇಣಗಾಪಡ ಅಂಟಿಸಿ, ಸುತ್ತ ಹಗ್ಗ ಬಿಗಿದಲ್ಲಿಂದ ಶುರು ಮಾಡಿ ಪಾಠ ಹೇಳುವವರಿದ್ದಾರೆ. ಹೇಳಲಿ. ನಮ್ಮ ಮನೆಗಳಲ್ಲಿ ರವಿವರ್ಮ ಪ್ರೆಸ್ಸಿನ ಚಿತ್ರಗಳಿದ್ದವಲ್ಲ? 1894ರಲ್ಲಿ ಮುಂಬೈಯಲ್ಲಿ ಶುರುವಾಗಿ ಆಮೇಲೆ ಲೋಣಾವಳದ ಹತ್ತಿರ ಮಳವಳಿಗೆ ಹೋದ ಮುದ್ರಣಾಲಯ ಅದು. ಆ ಚಿತ್ರಗಳನ್ನು ತಂದು ಹೆಂಗಸರು ಸೀರೆಯ ಜಾಗಕ್ಕೆ ರೇಷ್ಮೆ ಚೂರು, ಒಡವೆಯ ಜಾಗಕ್ಕೆ ಜರಿ, ಚಮಕಿ, ಮಣಿ ಅಂಟಿಸಿ ಚೌಕಟ್ಟು ಹಾಕಿಸುತ್ತಿದ್ದರು. ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮದ ಕಡೆ ಹೋದರೆ ರವಿವರ್ಮ ಪ್ರೆಸ್ಸಿನ ಚಿತ್ರಗಳನ್ನು ನೋಡಿ ಬನ್ನಿ. ಜರಿ ಹಚ್ಚಿದ ಚಿತ್ರ ಎಲ್ಲಾದರೂ ಸಿಕ್ಕಿದರೆ ಒಂದು ಅಂಶ ಗಮನಿಸಿ: ಮುಖಕ್ಕೆ, ಕೈಗೆ ಯಾರೂ ಏನೂ ಅಂಟಿಸುವುದಿಲ್ಲ. ಸೀರೆ ಉಬ್ಬಿ ಹೊಳೆಯುತ್ತದೆ, ಮುಖ ಚಪ್ಪಟೆಯಾಗಿ ಒಳಗೆ ಉಳಿಯುತ್ತದೆ, ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಎಲ್ಲಿ ಅಂಟಿಸಬಾರದು ಎಂಬುದು ಆ ಅಜ್ಜಿಯರಿಗೆ ಗೊತ್ತಿತ್ತು. ನಿಮ್ಮ ದೊಡ್ಡ ಹಲಗೆಯಲ್ಲಿ ಖಾಲಿ ಜಾಗ ಎಷ್ಟಿದೆ, ಹೇಳಿ ನೋಡೋಣ.

ಕೊನೆಗೆ ಒಂದು ಜಗಳ. ಹೊಸ ಕಾಗದವನ್ನು ಚಹಾ ನೀರಿನಲ್ಲಿ ಅದ್ದಿ, ಅಂಚು ಸುಟ್ಟು ಹಳೆಯದು ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ನೀವು ಅಡಿಕೆ ಸೀಮೆಯವರು, ನಿಮಗೆ ಚೊಗರು ಇದೆ. ಅಡಿಕೆ ಬೇಯಿಸಿ ಉಳಿದ ಆ ಕೆಂಪುಗಂದು ರಸವನ್ನು ಬಣ್ಣವೆಂದೇ ಬಳಸಿ. ತುಕ್ಕು ಹಿಡಿದ ಮೊಳೆಯನ್ನು ನೀರು ಬೆರೆಸಿದ ವಿನಿಗರಿನಲ್ಲಿ ಕೆಲವು ದಿನ ನೆನೆಹಾಕಿ, ಆ ನೀರನ್ನು ಚೊಗರಿನ ಮೇಲೆ ಎಳೆಯಿರಿ, ಕೂಡಲೇ ಹಸಿರುಗಪ್ಪಾಗುತ್ತದೆ. ಚೊಗರಿನ ಒಗರು ಮತ್ತು ಕಬ್ಬಿಣ ಸೇರಿದರೆ ಆಗುವುದೇ ಹಾಗೆ, ಹಳೆಯ ಕಾಲದ ಶಾಯಿಯ ತತ್ವವೂ ಅದೇ. ಬಟ್ಟೆಯ ಚೂರಿನಿಂದ ಮಾಡಿದ ದಪ್ಪ ಕಾಗದದ ಮೇಲೆ ಮಾಡಿ, ತೆಳು ಕಾಗದವನ್ನು ಈ ಕಪ್ಪು ಕಾಲಕ್ರಮೇಣ ತಿನ್ನುತ್ತದೆ.

ಒಂದು ಚಿತ್ರಕ್ಕೆ ಒಂದೇ ಸಿಕ್ಕ ವಸ್ತು. ಉಳಿದದ್ದು ಟ್ರಂಕಿನಲ್ಲಿರಲಿ.


ಲೈನೆ ದಂಡೆ ಬರೆದದ್ದು:

ಮೇಷ್ಟ್ರ ಮಾತಿಗೆ ಸಂಪೂರ್ಣ ಒಪ್ಪಿಗೆ, ಪಿಕಾಸೊ ವಿಷಯದಲ್ಲಿ ಮಾತ್ರ ಅರ್ಧ ಒಪ್ಪಿಗೆ.

ನಾನು ಭದ್ರಾವತಿಯವನು, ಈಗ ಜರ್ಮನಿಯ ಹಾನೋವರಿನಲ್ಲಿ ಯಂತ್ರದ ಕೆಲಸ. ಇಲ್ಲಿ ಲೈನೆ ಹೊಳೆಯ ದಂಡೆಯಲ್ಲಿ ಪ್ರತಿ ಶನಿವಾರ ಹಳೆಯ ಸಾಮಾನಿನ ಸಂತೆ ಕೂರುತ್ತದೆ. 1967ರಿಂದ ನಡೆದುಬಂದಿದೆ ಎನ್ನುತ್ತಾರೆ. ಪಕ್ಕದಲ್ಲೇ ನಿಕಿ ದ ಸಾಂ ಫಾಲ್ ಎಂಬ ಕಲಾವಿದೆ 1974ರಲ್ಲಿ ನಿಲ್ಲಿಸಿದ ಬಣ್ಣಬಣ್ಣದ ದಪ್ಪ ಹೆಂಗಸರ ಶಿಲ್ಪಗಳಿವೆ. ಮೊದಮೊದಲು ನಾನೂ ಸಿಕ್ಕಿದ್ದೆಲ್ಲ ಹೊತ್ತು ತರುತ್ತಿದ್ದೆ. ಹಳೆಯ ಜರ್ಮನ್ ಕೈಬರಹದ ಪೋಸ್ಟ್ ಕಾರ್ಡುಗಳನ್ನು ಇಲ್ಲಿನ ಯುವಕರೇ ಓದಲಾರರು, ನನಗಂತೂ ಅದು ಬರೀ ಗೆರೆ. ಓದಲು ಬಾರದ ಬರಹ ಚಿತ್ರಕ್ಕೆ ಬಹಳ ಸಲೀಸು. ಅಷ್ಟೇ ಬೇಗ ಬೇಸರವೂ ಬರುತ್ತದೆ.

ನನ್ನ ಕಣ್ಣು ತೆರೆಸಿದವನು ಇದೇ ಊರಿನ ಕಲಾವಿದ ಕುರ್ಟ್ ಶ್ವಿಟರ್ಸ್ (1887–1948). ಇಲ್ಲಿನ ಷ್ಪ್ರೆಂಗೆಲ್ ವಸ್ತುಸಂಗ್ರಹಾಲಯದಲ್ಲಿ ಅವನ ಕೃತಿಗಳಿವೆ. ಮೊದಲ ಮಹಾಯುದ್ಧ ಮುಗಿದ ಮರುವರ್ಷ, ಬ್ಯಾಂಕೊಂದರ ಜಾಹೀರಾತನ್ನು ಕತ್ತರಿಸಿ ಅಂಟಿಸುವಾಗ ‘ಕೊಮರ್ಜ್’ ಎಂಬುದರ ಕೊನೆಯ ತುಂಡು ‘ಮೆರ್ಜ್’ ಉಳಿಯಿತು, ಅದನ್ನೇ ತನ್ನ ಕಲೆಗೆಲ್ಲ ಹೆಸರಾಗಿಸಿಕೊಂಡ. ಅವನು ಅಂಟಿಸಿದ್ದು ಟ್ರಾಮ್ ಟಿಕೆಟ್ಟು, ಕೋಟು ಇಡುವ ಕೊಠಡಿಯ ಚೀಟಿ, ಮಿಠಾಯಿ ಸುತ್ತಿದ ಕಾಗದ. ನಾವು ಈಗ ನೋಡಿದರೆ ಎಲ್ಲ ಹಳೆಯದು, ಪುರಾತನದ ಮೋಹ ಎನಿಸುತ್ತದೆ. ಆದರೆ ಅವನು ಅಂಟಿಸಿದ ದಿನ ಅದು ಅಂದಿನ ಕಸ! ಬೀದಿಯಲ್ಲಿ ಬಗ್ಗಿ ಹೆಕ್ಕಿದ್ದು. ಪ್ರವಾಸ ಎಂದರೆ ಅವನಿಗೆ ಓಡಿಹೋಗುವುದಾಗಿತ್ತು. ನಾಜಿಗಳ ಕಾಟಕ್ಕೆ 1937ರಲ್ಲಿ ನಾರ್ವೆಗೆ, 1940ರಲ್ಲಿ ಅಲ್ಲಿಂದ ಇಂಗ್ಲೆಂಡಿಗೆ. ಹೋದಲ್ಲೆಲ್ಲ ಆ ಊರಿನ ಕಸ ಚಿತ್ರಕ್ಕೆ ಬಂತು, ಜರ್ಮನ್ ಅಕ್ಷರ ಹೋಗಿ ಇಂಗ್ಲಿಷ್ ಬಸ್ಸಿನ ಟಿಕೆಟ್ಟು ಬಂತು. ಹಾನೋವರಿನ ಮನೆಯೊಳಗೆ ವರ್ಷಗಟ್ಟಲೆ ಕಟ್ಟಿದ್ದ ಮೆರ್ಜ್‌ಬೌ ಎಂಬ ಕೋಣೆಗಾತ್ರದ ಕೃತಿ 1943ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಈಗ ವಸ್ತುಸಂಗ್ರಹಾಲಯದಲ್ಲಿರುವುದು ಮರುನಿರ್ಮಾಣ.

ಇದಕ್ಕೆ ತದ್ವಿರುದ್ಧ ಅಮೆರಿಕದ ಕಲಾವಿದ ಜೋಸೆಫ್ ಕಾರ್ನೆಲ್. ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯಲ್ಲಿ ತಾಯಿ ಮತ್ತು ತಮ್ಮನ ಜೊತೆ ಇದ್ದುಕೊಂಡು, ಆ ಸೀಮೆಯನ್ನು ಬಿಟ್ಟು ಹೊರಗೆ ಹೋದದ್ದೇ ಅಪರೂಪ. ಯುರೋಪನ್ನು ಕಂಡವನೇ ಅಲ್ಲ. ಅವನ ಗಾಜಿನ ಮುಚ್ಚಳದ ಪೆಟ್ಟಿಗೆಗಳ ತುಂಬ ಯುರೋಪಿನ ಹೋಟೆಲುಗಳ ಹೆಸರು, ನಕ್ಷೆ, ನಕ್ಷತ್ರಪಟ. ಎಲ್ಲವೂ ಮ್ಯಾನ್‌ಹಟನ್ನಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕಿದ್ದು. ಆದ್ದರಿಂದ ಪ್ರವಾಸ ಬೇಕೇ ಬೇಡವೇ ಎಂದು ನನ್ನನ್ನು ಕೇಳಬೇಡಿ.

ನನ್ನ ಸಲಹೆ ಒಂದೇ: ಇವತ್ತಿನ ಕಸವನ್ನೂ ಕೂಡಿಡಿ. ಕಂಡಕ್ಟರ್ ಹರಿದು ತೂತು ಒತ್ತಿ ಕೊಡುತ್ತಿದ್ದ ಬಣ್ಣದ ಟಿಕೆಟ್ಟುಗಳನ್ನು ಈಗ ಎಲ್ಲರೂ ದುಡ್ಡು ಕೊಟ್ಟು ಹುಡುಕುತ್ತಾರೆ. ಈಗಿನ ಯಂತ್ರದ ಟಿಕೆಟ್ಟನ್ನು ಇಳಿದ ಕೂಡಲೇ ಬಿಸಾಡುತ್ತಾರೆ. ಅದು ಶಾಖಕ್ಕೆ ಕಪ್ಪಾಗುವ ಕಾಗದ, ಅದರ ಮೇಲೆ ಶಾಯಿಯೇ ಇಲ್ಲ. ಉರಿಯುವ ಊದುಬತ್ತಿಯ ತುದಿಯನ್ನು ತಾಗಿಸದೆ ಹತ್ತಿರ ಹಿಡಿದು ಸರಿಸಿ ನೋಡಿ, ಹೊಗೆಯ ಹಾಗೆ ಮೆತ್ತನೆಯ ಕಪ್ಪು ಗೆರೆ ಬರುತ್ತದೆ. ಮುದ್ರಿತ ಅಕ್ಷರ ಕಾಲ ಕಳೆದ ಹಾಗೆ ಮಾಸುತ್ತದೆ, ನಿಮ್ಮ ಗೆರೆಯೂ ಮಾಸುತ್ತದೆ. ಮಾಸುವುದನ್ನೇ ಚಿತ್ರದ ಭಾಗವೆಂದು ಒಪ್ಪಿಕೊಂಡರೆ ಇದಕ್ಕಿಂತ ಒಳ್ಳೆಯ ಕಾಗದವಿಲ್ಲ. ಒಪ್ಪದಿದ್ದರೆ ಮುಟ್ಟಬೇಡಿ.

ಮೇಷ್ಟ್ರಿಗೆ: ಬಾಸೆಲ್ ಮಿಷನ್ನಿನ ದಾಖಲೆ ಸಂಗ್ರಹದ ಹಳೆಯ ಛಾಯಾಚಿತ್ರಗಳನ್ನು ಅಂತರ್ಜಾಲದಲ್ಲೇ ನೋಡಬಹುದು. ಮಂಗಳೂರಿನ ಕಾರ್ಖಾನೆಗಳ ಚಿತ್ರಗಳೂ ಇವೆ.


ಬಜೆ ಬೇರು ಬರೆದದ್ದು:

ಕಲೆಯ ವಿಷಯ ನನಗೆ ತಿಳಿಯದು. ಹಸ್ತಪ್ರತಿಗಳ ನಡುವೆ ಕೆಲಸ ಮಾಡಿದವಳಾಗಿ ಓಲೆಗರಿಯ ಬಗ್ಗೆ ಮಾತ್ರ ಹೇಳುತ್ತೇನೆ.

ದಯವಿಟ್ಟು ಅವನ್ನು ಕತ್ತರಿಸಬೇಡಿ, ಅಂಟಿಸಬೇಡಿ. ಅಂಗಡಿಯವರು ಕಟ್ಟು ಬಿಚ್ಚಿ ಬಿಡಿಬಿಡಿಯಾಗಿ ಮಾರುತ್ತಾರೆ. ಬರೀ ಅಕ್ಷರವಿದ್ದರೆ ಪ್ರವಾಸಿಗರು ಕೊಳ್ಳುವುದಿಲ್ಲವೆಂದು ಮೇಲೆ ಆನೆ, ನವಿಲು ಬರೆಸುತ್ತಾರೆ. ಕಂಟವೆಂಬ ಚೂಪು ಮೊನೆಯಿಂದ ಗೀರಿ, ಮಸಿ ತಿಕ್ಕಿ ಮೂಡಿಸಿದ ಅಕ್ಷರ ಆ ಬಣ್ಣದ ಕೆಳಗೆ ಹಾಗೆಯೇ ಇರುತ್ತದೆ, ಓರೆ ಬೆಳಕಿನಲ್ಲಿ ಹಿಡಿದರೆ ಓದಬಹುದು. ಹೆಚ್ಚಿನವು ಲೆಕ್ಕಪತ್ರವೋ ಎಲ್ಲರಿಗೂ ಗೊತ್ತಿರುವ ಪುರಾಣವೋ ಆಗಿರುತ್ತವೆ, ನಿಜ. ಆದರೆ ಮೈಸೂರಿನ ಪ್ರಾಚ್ಯ ಸಂಶೋಧನಾಲಯಕ್ಕೆ ಒಬ್ಬ ಪಂಡಿತರು ತಂದುಕೊಟ್ಟ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿತ್ತು. ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಆ ಗ್ರಂಥ ಕಳೆದುಹೋಯಿತೆಂದೇ ಎಲ್ಲರೂ ತಿಳಿದಿದ್ದರು.

ಕಾನೂನೂ ಇದೆ. 1972ರ ಪ್ರಾಚ್ಯ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳು, ಮತ್ತು ಚಾರಿತ್ರಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ 75 ವರ್ಷ ದಾಟಿದ ಹಸ್ತಪ್ರತಿ, ದಾಖಲೆಗಳು ಪ್ರಾಚ್ಯ ವಸ್ತುಗಳಾಗುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಮುಂದೆ ನಿಮ್ಮ ಚಿತ್ರ ವಿದೇಶದ ಪ್ರದರ್ಶನಕ್ಕೆ ಹೊರಟರೆ ಅಂಟಿಸಿದ ಓಲೆಗರಿಯೇ ತಡೆಯಾಗಬಹುದು. ಪೋಸ್ಟ್ ಕಾರ್ಡು, ತಾನಿನ ಚೀಟಿಗಳಿಗೂ ನಾನಾದರೆ ನಕಲನ್ನೇ ಬಳಸುತ್ತೇನೆ. ಒಳ್ಳೆಯ ಸ್ಕ್ಯಾನ್ ಮಾಡಿ ಕೈ ತಯಾರಿಕೆಯ ತೆಳು ಕಾಗದದ ಮೇಲೆ ಮುದ್ರಿಸಿದರೆ ಅದು ಮೂಲಕ್ಕಿಂತ ಹೆಚ್ಚು ಬಾಳುತ್ತದೆ. ಖಾತೆ ಪುಸ್ತಕದ ಹಾಳೆ ಮರದ ತಿರುಳಿನದಾದರೆ ಆಮ್ಲದಿಂದ ಹಳದಿಯಾಗಿ ಪುಡಿಯಾಗುತ್ತದೆ, ತನ್ನ ಪಕ್ಕದ ಕಾಗದಕ್ಕೂ ಆ ರೋಗ ಹಚ್ಚುತ್ತದೆ.

ಓಲೆಗರಿಗಳನ್ನು ಬಟ್ಟೆಯಲ್ಲಿ ಸುತ್ತಿ, ಎರಡು ಹಲಗೆಗಳ ನಡುವೆ ಕಟ್ಟಿ, ಪಕ್ಕದಲ್ಲಿ ಬಜೆಯ ತುಂಡುಗಳನ್ನಿಡಿ. ಹುಳ ಬರುವುದಿಲ್ಲ.


ತಾಳಗುಪ್ಪ ಪ್ಯಾಸೆಂಜರ್ ಬರೆದದ್ದು:

ಎಲ್ಲರಿಗೂ ಧನ್ಯವಾದ. ಓಲೆಗರಿ ಬಟ್ಟೆಯೊಳಗೆ ಸೇರಿತು. ಬಜೆ ನಮ್ಮ ಹಿತ್ತಲಲ್ಲೇ ಇದೆ.

ಮೇಷ್ಟ್ರೇ, ನಿಮ್ಮ ಹೊಟ್ಟೆಯುರಿ ನೋಡಿ ತಂತಿಯನ್ನು ಅಟ್ಟದಿಂದ ಇಳಿಸಿದೆ. ಅವು ನಮ್ಮ ಮನೆಯವರ ಅಜ್ಜನಿಗೆ ಶಿವಮೊಗ್ಗದ ಮಂಡಿಯಿಂದ ಬರುತ್ತಿದ್ದ ಧಾರಣೆಯ ಕಾಗದಗಳು. ಮೇಲೆ ‘ಕ್ಷೇಮ’, ಕೆಳಗೆ ಸಾಲಾಗಿ ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆಯ ಬಗೆಗಳು, ಎದುರಿಗೆ ದರ. ನಾನು ದಿನಾ ಬೆಳಿಗ್ಗೆ ಕಚೇರಿಯ ಕಂಪ್ಯೂಟರಿನಲ್ಲಿ ಹೊಡೆಯುವುದೂ ಇದೇ ಮಾಲಿನ ಹೆಸರು, ಇದೇ ಕ್ರಮ! ಅಷ್ಟು ದೂರ ಹೋಗಿ ರಾಣಿಯ ಚಿತ್ರ ಹೊತ್ತು ತಂದವಳಿಗೆ ಅಟ್ಟದ ಮೇಲಿನದು ಕಾಣಲಿಲ್ಲ ಎಂದು ನಮ್ಮತ್ತೆ ನಗುತ್ತಿದ್ದಾರೆ. ಆತ್ತಂಗುಡಿಗೆ ಹೋಗದಿದ್ದರೆ ಕ್ರಮದ ಕಡೆ ಕಣ್ಣು ಹೋಗುತ್ತಲೇ ಇರಲಿಲ್ಲ ಎಂದು ನಾನೂ ಬಿಡದೆ ವಾದಿಸಿದ್ದೇನೆ.

ಕಾರ್ಡುಗಳ ನಕಲು ತೆಗೆದೆ. ಅಂಕಿಗಳನ್ನೆಲ್ಲ ಬಿಳಿಯಲ್ಲಿ ಮುಚ್ಚಿ ಮಾಲಿನ ಹೆಸರುಗಳನ್ನಷ್ಟೇ ಬಿಟ್ಟಿದ್ದೇನೆ. ಪಕ್ಕದಲ್ಲಿ ನಮ್ಮ ಸಂಘದ ಯಂತ್ರದ ಚೀಟಿಗಳ ಒಂದು ಪಟ್ಟಿ, ಅದರಲ್ಲಿ ಅಂಕಿ ಉಳಿಸಿ ಹೆಸರನ್ನು ಊದುಬತ್ತಿಯಿಂದ ಕಪ್ಪು ಮಾಡಿದೆ. ಎರಡರ ನಡುವೆ ಚೊಗರು ಬಳಿದ ಬಟ್ಟೆ, ಅದರ ಮೇಲೆ ಮೊಳೆ ನೀರಿನ ಒಂದೇ ಗೆರೆ. ನೀವು ಹೇಳಿದ ಹಸಿರುಗಪ್ಪು ಕಣ್ಣೆದುರೇ ಹರಡಿತು, ನಮ್ಮ ಹುಡುಗ ಮತ್ತೆ ಮತ್ತೆ ಮಾಡಿಸಿದ. ಮುಚ್ಚಳ, ರಾಣಿ, ಹುಲಿ ಎಲ್ಲ ಟ್ರಂಕಿಗೆ ವಾಪಸ್ಸು. ನಾದಿನಿ ಇನ್ನೂ ನೋಡಿಲ್ಲ.

ಈಗ ಅಂಟಿನ ಪ್ರಶ್ನೆ. ಅಂಗಡಿಯ ಬಿಳಿ ಅಂಟಿನಲ್ಲಿ ತೆಳು ಕಾಗದ ಸುಕ್ಕಾಗುತ್ತಿದೆ, ರಟ್ಟು ಬಾಗುತ್ತಿದೆ. ನಮ್ಮ ಮಳೆಗಾಲಕ್ಕೆ ತಡೆಯುವ ದಾರಿ ಯಾವುದು?


ಹಂಚಿನ ಮಾಡು ಬರೆದದ್ದು:

ಹೆಸರು ಒಂದು ಕಡೆ, ಅಂಕಿ ಒಂದು ಕಡೆ! ಇನ್ನು ನನ್ನ ಬುದ್ಧಿವಾದ ನಿಮಗೆ ಬೇಕಿಲ್ಲ, ಅಂಟಿನ ವಿಷಯ ಮಾತ್ರ ಹೇಳುತ್ತೇನೆ.

ಪುಸ್ತಕ ಕಟ್ಟುವವರ ಮೈದಾ ಅಂಟು ಮಾಡಿಕೊಳ್ಳಿ. ಒಂದು ಲೋಟ ಮೈದಾಕ್ಕೆ ನಾಲ್ಕೈದು ಲೋಟ ನೀರು. ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಉಳಿದ ನೀರು ಹುಯ್ದು, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಹಾಲಿನ ಬಣ್ಣ ಹೋಗಿ ಅರೆಪಾರದರ್ಶಕವಾದಾಗ ಇಳಿಸಿ, ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಹುಳ ಬೂಷ್ಟು ಬಾರದಿರಲು ಚಿಟಿಕೆ ಮೈಲುತುತ್ತ ಹಾಕುವುದು ವಾಡಿಕೆ. ಅದು ವಿಷ, ಅಡುಗೆಯ ಪಾತ್ರೆಯೂ ಬೇಡ, ಮಕ್ಕಳ ಕೈಗೂ ಸಿಗಬಾರದು. ನಿಮ್ಮ ಹುಡುಗನ ವಿಷಯ ಬರೆದಿರಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ತೆಳು ಕಾಗದಕ್ಕೆ ಈ ಅಂಟನ್ನು ಮಜ್ಜಿಗೆಯಷ್ಟು ನೀರಾಗಿಸಿ. ಅಂಟು ಬಳಿದ ಕೂಡಲೇ ಅಂಟಿಸಬೇಡಿ, ಕಾಗದ ನೀರು ಕುಡಿದು ಹಿಗ್ಗಲು ಒಂದೆರಡು ನಿಮಿಷ ಬಿಡಿ. ಸುಕ್ಕಿಗೆ ಅದೇ ಮದ್ದು. ಇದರ ಇನ್ನೊಂದು ಗುಣವೆಂದರೆ ಒದ್ದೆ ಮಾಡಿದರೆ ಬಿಡಿಸಬಹುದು. ಬಿಳಿ ಅಂಟು ಒಣಗಿದ ಮೇಲೆ ಬಿಡಿಸುವ ಮಾತೇ ಇಲ್ಲ.

ರಟ್ಟು ಬಾಗುವುದು ಒಂದೇ ಬದಿಗೆ ಎಳೆತ ಬೀಳುವುದರಿಂದ. ಹಿಂಬದಿಗೂ ಅಷ್ಟೇ ದಪ್ಪದ ಕಾಗದ ಅಂಟಿಸಿ. ಎರಡೂ ಕಡೆ ಬಟರ್ ಪೇಪರ್ ಇಟ್ಟು ಭಾರದ ಕೆಳಗೆ ಒಣಗಿಸಿ. ಯಂತ್ರದ ಚೀಟಿಗೆ ಮಾತ್ರ ಒದ್ದೆ ಅಂಟು ಬೇಡ, ಬಿಸಿ ಇಸ್ತ್ರಿಯಂತೂ ಬೇಡವೇ ಬೇಡ, ಪೂರ್ತಿ ಕಪ್ಪಾಗುತ್ತದೆ. ಮೂಲೆಗಳಲ್ಲಿ ಸೂಜಿ ದಾರದ ಹೊಲಿಗೆ ಸಾಕು. ಗಾಜು ಹಾಕಿಸುವುದಿದ್ದರೆ ದೀಪಾವಳಿ ಕಳೆಯಲಿ, ಈಗ ಹಾಕಿದರೆ ತೇವ ಒಳಗೇ ಉಳಿಯುತ್ತದೆ.


ಲೈನೆ ದಂಡೆ ಬರೆದದ್ದು:

ಡಿಸೆಂಬರಿನಲ್ಲಿ ಊರಿಗೆ ಬರುತ್ತೇನೆ. ಹಾನೋವರಿನ ಟ್ರಾಮ್ ಟಿಕೆಟ್ಟುಗಳ ಒಂದು ಲಕೋಟೆ ನಿಮಗೆ, ಬದಲಿಗೆ ನಿಮ್ಮ ಸಂಘದ ಧಾರಣೆ ಚೀಟಿಗಳು ನನಗೆ. ವ್ಯಾಪಾರ ಕುದುರಿತೇ?


ತಾಳಗುಪ್ಪ ಪ್ಯಾಸೆಂಜರ್ ಬರೆದದ್ದು:

ಕುದುರಿತು. ಚೀಟಿ ಬುಟ್ಟಿಗೆ ಬಿದ್ದ ಮೇಲೆ ಎಷ್ಟು ಬೇಕಾದರೂ ತೆಗೆದುಕೊಳ್ಳಿ, ಅದಕ್ಕೆ ಮೊದಲು ಕೊಟ್ಟರೆ ನಮ್ಮ ಕಾರ್ಯದರ್ಶಿಗಳು ಲೆಕ್ಕ ಕೇಳುತ್ತಾರೆ. ಬರುವಾಗ ಆ ಓದಲು ಬಾರದ ಕಾರ್ಡುಗಳಲ್ಲೂ ಒಂದನ್ನು ತನ್ನಿ. ತಂತಿಯ ತೂತು ಇರುವುದಾದರೆ ಇನ್ನೂ ಒಳ್ಳೆಯದು.